ಕಾಲುವೆಗಿಂತ ಮೊದಲು ಬಸಿಗಾಲುವೆ

೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ನಾಡಿಗೆ ನಾಡೇ ತಲ್ಲಣಿಸಿತು. ಮಂತ್ರಿಗಳು ಧಾವಿಸಿದರು, ತಜ್ಞರು ಬಂದರು, ವಾರವೊಂದು ಕಳೆಯುವಷ್ಟರಲ್ಲಿ ತಾತ್ಕಾಲಿಕ ತಡೆಯನ್ನಿಳಿಸಿ ಹರಿದುಹೋಗುವ ನೀರನ್ನು ನಿಲ್ಲಿಸಿದರು. ಆ ಶ್ರಮವು ಅಭಿನಂದನೀಯವಾದುದು. ಕಣ್ಣಿಗೆ ಕಾಣುವ ಹಾನಿಗೆ ಎಚ್ಚರಗೊಳ್ಳುವುದು ಮನುಷ್ಯಸ್ವಭಾವ. ಆದರೆ ಅದೇ ಅಣೆಕಟ್ಟಿನ ಕೆಳಗಡೆ ಎಪ್ಪತ್ತು ವರುಷಗಳಿಂದ ಸದ್ದಿಲ್ಲದೆ ನಡೆದಿರುವ ಇನ್ನೊಂದು ಹಾನಿಯುಂಟು. ಅದಕ್ಕೆ ಗೇಟಿಲ್ಲ, ಸರಪಳಿಯಿಲ್ಲ. ಅದು ಒಂದು ರಾತ್ರಿಯಲ್ಲಿ ಸಂಭವಿಸಿದುದೂ ಅಲ್ಲ. ಹೊಲದ ಕೆಳಗಿನ ನೀರು ಗೇಣು ಗೇಣಾಗಿ ಮೇಲೇರಿ, ತನ್ನೊಡನೆ ಉಪ್ಪನ್ನು ತಂದು, ಪೈರಿನ ಬೇರಿನ ಬುಡದಲ್ಲಿ ಇಟ್ಟಿದೆ. ಈ ಹಾನಿಯ ವಿಷಯದಲ್ಲಿ ನಮ್ಮ ಅಧಿಕಾರಿವರ್ಗಕ್ಕೂ ಲೋಕಪ್ರತಿನಿಧಿಗಳಿಗೂ ಆ ರಾತ್ರಿಯ ಆತುರದಲ್ಲಿ ಹತ್ತರಲ್ಲೊಂದು ಪಾಲಾದರೂ ಇದ್ದಿದ್ದರೆ, ಇಂದು ನಾವು ಈ ಮಾತುಗಳನ್ನು ಬರೆಯಬೇಕಾಗುತ್ತಿರಲಿಲ್ಲ.

ತುಂಗಭದ್ರೆಯ ಕಾಲುವೆಗಳಲ್ಲಿ ನೀರು ಹರಿಯತೊಡಗಿದುದು ೧೯೫೩ರಿಂದ. ಎಡದಂಡೆಯ ಬಹುಭಾಗದಲ್ಲಿ ಜೋಳ, ಹತ್ತಿ, ಶೇಂಗಾಗಳಂತಹ ಅಲ್ಪ ನೀರಿನ ಬೆಳೆಗಳನ್ನು ಬೆಳೆಯತಕ್ಕದ್ದೆಂದು ಯೋಜಕರು ಬಗೆದಿದ್ದರು. ಆದರೆ ಕಾಲುವೆಯ ತಲೆಭಾಗದಲ್ಲಿ ಭತ್ತದ ಗದ್ದೆಗಳೆದ್ದವು. ಎರೆಭೂಮಿಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿತು. ನಿಂತ ನೀರು ಇಳಿದುಹೋಗಲು ಬಸಿಗಾಲುವೆಗಳು ಸಾಕಷ್ಟಿರಲಿಲ್ಲ. ಪರಿಣಾಮವನ್ನು ಇಂದು ಗಂಗಾವತಿ, ಸಿಂಧನೂರುಗಳ ಸೀಮೆಯಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ಈ ಯೋಜನೆಯ ಅಚ್ಚುಕಟ್ಟಿನಲ್ಲಿ ಒಂದು ಲಕ್ಷ ಹೆಕ್ಟೇರಿಗೆ ಸಮೀಪವಾದಷ್ಟು ನೆಲವು ಸವಳು-ಜವಳಿಗೆ ತುತ್ತಾಗಿದೆಯೆಂದು ಲೆಕ್ಕ ಹಾಕಿದ್ದಾರೆ. ತುದಿಭಾಗದ ರೈತನು ನೀರಿಲ್ಲದೆ ಕೆಟ್ಟನು. ತಲೆಭಾಗದ ರೈತನು ನೀರು ಹೆಚ್ಚಾಗಿ ಕೆಟ್ಟನು. ಒಂದೇ ಕಾಲುವೆಯು ಇಬ್ಬರನ್ನೂ ಎರಡು ಬಗೆಯಲ್ಲಿ ಕೆಡಿಸಿತು.

ಈ ಹಳೆಯ ಕಥೆಯನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಅದೇ ಹೊಳೆಯ ಮೇಲುಭಾಗದಲ್ಲಿ, ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿಯಲ್ಲಿ, ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಎದ್ದು ನಿಂತಿದೆ. ಗದಗ ಜಿಲ್ಲೆಯ ಮಳೆಯಾಧಾರದ ಹೊಲಗಳಿಗೆ ನದಿಯ ನೀರನ್ನೇರಿಸಬೇಕೆಂಬುದು ಬಹುಕಾಲದ ಬೇಡಿಕೆ. ಇಂದಲ್ಲ ನಾಳೆ ತಮ್ಮ ಹೊಲಕ್ಕೂ ನೀರು ಬಂದೀತೆಂಬ ಆಸೆ ಲಕ್ಷ್ಮೇಶ್ವರ ತಾಲೂಕಿನ ಯಳವತ್ತಿಯಂತಹ ಊರುಗಳಲ್ಲಿಯೂ ಇರುವುದು ಸಹಜ. ಮುಂಗಾರಿಯಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ ಎಂದು ಮಳೆಯ ಮುಖ ನೋಡುತ್ತ ಬದುಕುವ ರೈತನಿಗೆ ಕಾಲುವೆಯ ಹೆಸರು ಕೇಳಿದರೆ ಬಾಯಲ್ಲಿ ನೀರೂರುವುದು ತಪ್ಪಲ್ಲ. ಆ ಆಸೆಯನ್ನು ನಾವು ಹಳಿಯುವುದಿಲ್ಲ. ನೀರು ಬರಲಿ, ಬೇಗನೆ ಬರಲಿ. ಆದರೆ ಗಂಗಾವತಿಯಲ್ಲಿ ಆದುದು ಗದಗಿನಲ್ಲಿ ಆಗಬಾರದು. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ನಾಡಿಗೆ ಎಲ್ಲೆಯಾಗಿ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು, ಪುಲಿಗೆರೆಯೂ ಒಂದು. ಕೊಪಣವೇ ಇಂದಿನ ಕೊಪ್ಪಳ, ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕೊಪ್ಪಳದ ಸೀಮೆಯ ಪಾಠವನ್ನು ಲಕ್ಷ್ಮೇಶ್ವರದ ಸೀಮೆ ಕಲಿಯದಿದ್ದರೆ ತಪ್ಪು ಯಾರದು?

ಇಲ್ಲಿ ವಾಚಕರು ಒಂದು ಪ್ರಶ್ನೆಯನ್ನು ಕೇಳಬಹುದು. ಬೇರಿನ ಕೆಳಗೆ ನೀರಿದ್ದರೆ ಪೈರಿಗೆ ಅನುಕೂಲವೇ ಅಲ್ಲವೆ? ಮೇಲಿನಿಂದ ಹಾಯಿಸುವ ನೀರಾದರೂ ಉಳಿಯಿತಲ್ಲ? ಪ್ರಶ್ನೆಯು ನ್ಯಾಯವಾದುದು, ಉತ್ತರವು ಆ ನೀರು ಸಿಹಿಯೋ ಸವಳೋ ಎಂಬುದನ್ನು ಅವಲಂಬಿಸಿದೆ. ಐದಾರು ಅಡಿಯ ಆಳದಲ್ಲಿ ಸಿಹಿನೀರಿದ್ದರೆ ಅದು ವರವೇ ಸರಿ. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಜೇಡಿಮಣ್ಣು ಕೆಳಗಿನ ನೀರನ್ನು ಮೇಲಕ್ಕೆಳೆಯುತ್ತದೆ. ಹತ್ತಿ, ಕುಸುಬೆಗಳಂತಹ ಆಳಬೇರಿನ ಬೆಳೆಗಳು ಅದನ್ನು ಕುಡಿಯುತ್ತವೆ. ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅನುಕೂಲವಾದ ಸ್ಥಿತಿಯಲ್ಲಿ ಹತ್ತಿಯು ತನಗೆ ಬೇಕಾದ ನೀರಿನ ಅರ್ಧದವರೆಗೂ ಕೆಳಗಿನ ನೀರಿನಿಂದಲೇ ಪಡೆಯಬಲ್ಲುದು. ಆ ನೀರು ತುಸು ಸವಳಾಗಿದ್ದರೂ ಹತ್ತಿಯು ಸೈರಿಸುತ್ತದೆ. ಆದುದರಿಂದ ಕೆಳಗಿನ ನೀರೆಲ್ಲವೂ ಶತ್ರುವೆಂದು ನಾವು ಹೇಳುವುದಿಲ್ಲ.

ಆದರೆ ಉಪ್ಪು ಒಂದು ಮೇರೆಯನ್ನು ಮೀರಿದೊಡನೆ ಲೆಕ್ಕವು ತಲೆಕೆಳಗಾಗುತ್ತದೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ತಾಯಂದಿರಿಗೆ ಈ ವಿಜ್ಞಾನವನ್ನು ಯಾರೂ ಕಲಿಸಬೇಕಾಗಿಲ್ಲ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಹೋಳುಗಳು ತಮ್ಮೊಳಗಿನ ನೀರನ್ನು ತಾವೇ ಬಿಟ್ಟುಕೊಡುತ್ತವೆ. ಉಪ್ಪಿದ್ದ ಕಡೆಗೆ ನೀರು ಸೆಳೆಯಲ್ಪಡುತ್ತದೆ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಉಪ್ಪು ಹೆಚ್ಚಿದಷ್ಟೂ ಆ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೇರು ಅದನ್ನು ಎಳೆದುಕೊಳ್ಳಲು ಹೆಚ್ಚು ಬಲವನ್ನು ವ್ಯಯಿಸಬೇಕಾಗುತ್ತದೆ. ಬಿಸಿಲಿಗೆ ಮಣ್ಣಿನ ಅರ್ಧ ನೀರು ಆರಿತೆಂದರೆ ಉಳಿದರ್ಧದಲ್ಲಿ ಉಪ್ಪಿನ ತೀಕ್ಷ್ಣತೆ ಇಮ್ಮಡಿಯಾಗುತ್ತದೆ. ಆಗ ಪೈರು ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು ಜೀವ ಹಿಡಿದಿರುತ್ತದೆ. ರಂಧ್ರ ಮುಚ್ಚಿದರೆ ಗಾಳಿಯಿಂದ ಆಹಾರವೂ ಒಳಬಾರದು, ಬೆಳವಣಿಗೆ ಕುಂಠಿತವಾಗುತ್ತದೆ. ಹೊಲದಲ್ಲಿ ಕಾಲಿಟ್ಟರೆ ಕೆಸರು, ಪೈರಿನ ಎಲೆ ಮಾತ್ರ ಮಧ್ಯಾಹ್ನಕ್ಕೆ ಬಾಡಿದೆ. ಹಸಿಯಲ್ಲಿ ನಿಂತು ಬಾಯಾರುವ ಪೈರು ಇದೇ. ಅದು ಕುಡಿಯುವ ನೀರು ಕಡಿಮೆಯಾದಷ್ಟೂ ರೈತನ ಕಣದ ರಾಶಿಯೂ ಕಡಿಮೆಯಾಗುತ್ತದೆ.

ಉಪ್ಪು ಎಷ್ಟು ಬರುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ನೀರಿನ ಮತ್ತು ಮಣ್ಣಿನ ಸಾರದ ಸವಳನ್ನು ಅದರಲ್ಲಿ ಹರಿಯುವ ವಿದ್ಯುತ್ತಿನಿಂದ ಅಳೆಯುತ್ತಾರೆ. ಅಳತೆಯ ಹೆಸರು ಮೀಟರಿಗೆ ಡೆಸಿಸೀಮನ್. ಇಂತಹ ಒಂದು ಅಂಶಕ್ಕೆ ಪ್ರತಿ ಲೀಟರಿನಲ್ಲಿ ಸುಮಾರು ೬೪೦ ಮಿಲಿಗ್ರಾಂ ಉಪ್ಪು ಇದ್ದಂತೆ. ಹೊಲದ ಕೆಳಗಿನ ನೀರು ೪ ಅಂಶದ್ದೆಂದಿಟ್ಟುಕೊಳ್ಳಿರಿ. ಒಂದು ಹಂಗಾಮಿನಲ್ಲಿ ಅದು ನಾಲ್ಕೇ ಅಂಗುಲದಷ್ಟು ಮೇಲೇರಿ ಬಂದು ಆವಿಯಾಯಿತೆಂದುಕೊಳ್ಳಿರಿ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಒಂದು ಎಕರೆಯಲ್ಲಿ ಹಾಗೆ ಉಳಿಯುವ ಉಪ್ಪು ಸುಮಾರು ಹತ್ತು ಕ್ವಿಂಟಲು! ರೈತನು ಚೀಲ ಚೀಲವಾಗಿ ಉಪ್ಪನ್ನು ಹೊತ್ತುತಂದು ತನ್ನ ಹೊಲದಲ್ಲಿ ಚೆಲ್ಲಿದರೆ ಊರವರು ಅವನಿಗೆ ಹುಚ್ಚು ಹಿಡಿಯಿತೆಂದಾರು. ಮೇಲೆ ಬಂದ ನೀರು ಅದೇ ಕೆಲಸವನ್ನು ವರುಷ ವರುಷವೂ ಮಾಡುತ್ತದೆ, ಯಾರೂ ಏನೂ ಅನ್ನುವುದಿಲ್ಲ.

ಇದಕ್ಕಿಂತಲೂ ಭಯಂಕರವಾದುದು ಇದರ ಚಕ್ರಗತಿ. ಆರೋಗ್ಯವಂತ ಬೆಳೆಯು ಕೆಳಗಿನ ನೀರನ್ನು ಕುಡಿದು ಅದರ ಮಟ್ಟವನ್ನು ತಗ್ಗಿಸುತ್ತದೆ. ಸವಳಿನಿಂದ ಸೊರಗಿದ ಬೆಳೆ ಕುಡಿಯುವುದು ಕಡಿಮೆ. ಆದುದರಿಂದ ನೀರಿನ ಮಟ್ಟ ಇಳಿಯುವುದಿಲ್ಲ. ಬೆಳೆ ವಿರಳವಾದಷ್ಟೂ ಬರಿನೆಲವು ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಬರಿನೆಲದಿಂದ ನೀರು ಆವಿಯಾದಷ್ಟೂ ಉಪ್ಪು ಮೇಲೆ ಹೆಪ್ಪುಗಟ್ಟುತ್ತದೆ. ಉಪ್ಪು ಹೆಚ್ಚಿದಷ್ಟೂ ಮುಂದಿನ ಬೆಳೆ ಇನ್ನೂ ಸೊರಗುತ್ತದೆ. ಇದರ ಮೇಲೆ, ಎಲೆ ಬಾಡಿದುದನ್ನು ಕಂಡ ರೈತನು ನೀರು ಸಾಲದೆಂದು ತಿಳಿದು ಮತ್ತೊಂದು ಸಲ ನೀರು ಹಾಯಿಸುತ್ತಾನೆ. ಬಸಿದುಹೋಗಲು ದಾರಿಯಿದ್ದರೆ ಆ ನೀರು ಉಪ್ಪನ್ನು ತೊಳೆದು ಒಯ್ದೀತು. ದಾರಿಯಿಲ್ಲದ ಎರೆಯಲ್ಲಿ ಅದು ಕೆಳಗಿನ ನೀರನ್ನೇ ಮತ್ತಷ್ಟು ಮೇಲಕ್ಕೆತ್ತುತ್ತದೆ. ಔಷಧವೆಂದು ಕೊಟ್ಟುದೇ ರೋಗವನ್ನು ಬೆಳೆಸುತ್ತದೆ. ಇದರಲ್ಲಿ ರೈತನ ಅಪರಾಧವಿಲ್ಲ. ಅವನ ಕಣ್ಣಿಗೆ ಕಾಣುವುದು ಬಾಡಿದ ಎಲೆ ಮಾತ್ರ; ಕೆಳಗಿನದನ್ನು ಅಳೆದು ಹೇಳಬೇಕಾದವರು ಹೇಳಲಿಲ್ಲ.

ಈಗ ನಮ್ಮ ಸೀಮೆಯ ಬೆಳೆಗಳನ್ನು ನೋಡೋಣ. ಯಾವ ಬೆಳೆ ಎಷ್ಟು ಸವಳನ್ನು ತಾಳುತ್ತದೆಂಬುದನ್ನು ೧೯೭೭ರಲ್ಲಿ ಅಮೇರಿಕೆಯ ಮಾಸ್ ಮತ್ತು ಹಾಫ್ಮನ್ ಎಂಬ ವಿಜ್ಞಾನಿಗಳು ಕೋಷ್ಟಕವಾಗಿ ಹೊಂದಿಸಿದರು. ಅದರ ಪ್ರಕಾರ ಹತ್ತಿಯು ಮಣ್ಣಿನ ಸಾರದಲ್ಲಿ ೭.೭ ಅಂಶದವರೆಗೆ, ಗೋದಿಯು ೬ ಅಂಶದವರೆಗೆ ಇಳುವರಿ ಕಳೆದುಕೊಳ್ಳುವುದಿಲ್ಲ. ಶೇಂಗಾದ ತಾಳ್ಮೆ ೩.೨ಕ್ಕೆ ಮುಗಿಯುತ್ತದೆ, ಗೋವಿನಜೋಳದ್ದು ೧.೭ಕ್ಕೆ, ಮೆಣಸಿನಕಾಯಿಯದು ೧.೫ಕ್ಕೆ, ಉಳ್ಳಾಗಡ್ಡಿಯದು ೧.೨ಕ್ಕೆ. ಮಣ್ಣಿನ ಸವಳು ೪ ಅಂಶವಾದರೆ ಹತ್ತಿ-ಜೋಳಗಳಿಗೆ ಏನೂ ಆಗುವುದಿಲ್ಲ. ಆದರೆ ಶೇಂಗಾದ ಇಳುವರಿಯಲ್ಲಿ ನೂರಕ್ಕೆ ೨೩, ಮೆಣಸಿನಕಾಯಿಯಲ್ಲಿ ೩೫, ಉಳ್ಳಾಗಡ್ಡಿಯಲ್ಲಿ ೪೫ರಷ್ಟು ನಷ್ಟವೆಂದು ಆ ಕೋಷ್ಟಕದಿಂದ ಲೆಕ್ಕ ಬರುತ್ತದೆ. ಇವು ಪರದೇಶದಲ್ಲಿ ಅಳೆದ ಅಂಕೆಗಳು. ನೀರು ಸುಲಭವಾಗಿ ಇಳಿಯದ ನಮ್ಮ ಎರೆಮಣ್ಣಿನಲ್ಲಿ ಪೆಟ್ಟು ಇನ್ನೂ ಬೇಗನೆ ತಗಲಬಹುದು.

ಇದರಿಂದ ಒಂದು ಸತ್ಯವು ಹೊರಬೀಳುತ್ತದೆ. ನಮ್ಮ ಹಿರಿಯರು ಈ ನೆಲಕ್ಕೆ ಆರಿಸಿಕೊಂಡಿದ್ದ ಹತ್ತಿ, ಬಿಳಿಜೋಳ, ಗೋದಿ, ಕುಸುಬೆಗಳು ಸವಳನ್ನು ಬಹುಮಟ್ಟಿಗೆ ತಾಳಬಲ್ಲ ಬೆಳೆಗಳು. ಕಾಲುವೆ ಬಂದಮೇಲೆ ರೈತನ ಮನಸ್ಸು ವಾಲುವುದು ಕಬ್ಬು, ಗೋವಿನಜೋಳ, ತರಕಾರಿ, ಭತ್ತಗಳ ಕಡೆಗೆ. ಇವು ಹೆಚ್ಚು ನೀರನ್ನು ಕೇಳುವ ಅಥವಾ ಕಡಿಮೆ ಸವಳನ್ನು ತಾಳುವ ಬೆಳೆಗಳು, ಕೆಲವು ಎರಡೂ ಹೌದು. ಹೀಗೆ ನೆಲ ಸವಳಾಗುವ ಕಾಲಕ್ಕೇ ಸವಳಿಗೆ ಬೆದರುವ ಬೆಳೆಯನ್ನು ನಾವು ತಂದು ಕೂಡ್ರಿಸುತ್ತೇವೆ. ಗದಗ ಜಿಲ್ಲೆಯ ಅನೇಕ ಊರುಗಳಲ್ಲಿ ಬಾವಿಯ ನೀರು ಈಗಾಗಲೇ ಸವಳು. ಅನೇಕ ಕಡೆ ಫ್ಲೋರೈಡಿನ ಬಾಧೆಯೂ ಸೇರಿ ಕುಡಿಯುವ ನೀರಿಗಾಗಿ ಹೊಳೆಯ ಕಡೆ ಮುಖಮಾಡಬೇಕಾಯಿತು. ಆ ಸವಳು ಇಂದು ಆಳದಲ್ಲಿರುವವರೆಗೆ ಒಣಬೇಸಾಯದ ಹೊಲಕ್ಕೆ ಅದರಿಂದ ಅಪಾಯವಿಲ್ಲ. ಹಳ್ಳದ ದಂಡೆ, ಕೆರೆಯ ಕೆಳಗಿನ ತಗ್ಗುಗಳಂತಹ ಕೆಲವೆಡೆ ಮಾತ್ರ ಎಚ್ಚರಿಕೆ ಬೇಕು. ಅದನ್ನು ಮೇಲಕ್ಕೆ ಕರೆಯುವುದು ಅಳತೆಯಿಲ್ಲದ ಕಾಲುವೆಯ ನೀರು.

ಈ ಅಪಾಯವು ಮುಂಚೆ ಯಾರಿಗೂ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿಯೇ, ಅದೇ ಪ್ರಾಂತದ ನೀರಾ ಕಾಲುವೆಯ ಕಪ್ಪುಭೂಮಿ ಸವಳಾಗತೊಡಗಿತ್ತು. ೧೯೧೦ರಲ್ಲಿ ಪ್ರಾಂತದ ಕೃಷಿ ಇಲಾಖೆಯ ಮ್ಯಾನ್ ಮತ್ತು ತಮ್ಹಾಣೆಯವರು ನೀರಾ ಕಣಿವೆಯ ಸವಳು ಭೂಮಿಯನ್ನು ಕುರಿತು ಪುಸ್ತಿಕೆಯನ್ನೇ ಬರೆದರು. ಅದಕ್ಕೂ ಮುಂಚೆ, ೧೮೯೯ರ ಸುಮಾರಿಗೆ, ನಮ್ಮ ವಿಶ್ವೇಶ್ವರಯ್ಯನವರು ಅಲ್ಲಿಯ ನೀರಾವರಿಯಲ್ಲಿ ಬ್ಲಾಕ್ ಪದ್ಧತಿಯನ್ನು ಯೋಜಿಸಿದರು. ನೀರನ್ನು ಕೆಲವರೇ ಕಬ್ಬಿಗೆ ಸುರಿಯುವುದನ್ನು ತಡೆದು, ಗೊತ್ತಾದ ತುಂಡುಗಳಲ್ಲಿ ಬೆಳೆಯನ್ನು ಸರದಿಯಿಂದ ಬದಲಿಸುತ್ತ, ಹೆಚ್ಚು ಹಳ್ಳಿಗಳಿಗೆ ಮಿತವಾಗಿ ಹಂಚುವುದೇ ಅದರ ಸಾರ. ನೂರಿಪ್ಪತ್ತು ವರುಷಗಳ ಹಿಂದೆ ಕನ್ನಡಿಗರೊಬ್ಬರು ಕಂಡುಕೊಂಡ ಈ ವಿವೇಕವು ಕನ್ನಡನಾಡಿನ ಕಾಲುವೆಗಳಲ್ಲಿಯೇ ನಿಲ್ಲಲಿಲ್ಲವೆಂದರೆ ಅದಕ್ಕಿಂತ ವಿಷಾದದ ಸಂಗತಿ ಇನ್ನೇನಿದೆ? ಅಂದಿನ ಪರಕೀಯ ಸರಕಾರಕ್ಕೆ ನೀರಿನ ತೆರಿಗೆಯ ಮೇಲೆ ಕಣ್ಣಿತ್ತೆಂದು ನಾವು ದೂರಿದೆವು. ಇಂದಿನ ಸರಕಾರವು ನಮ್ಮದೇ, ದೂರಿ ಕೈತೊಳೆದುಕೊಳ್ಳುವಂತಿಲ್ಲ.

ಇದೇ ಜಿಲ್ಲೆಯ ನರಗುಂದವನ್ನು ನೆನೆಯದೆ ಈ ಮಾತು ಪೂರ್ಣವಾಗದು. ೧೯೮೦ರ ಜುಲೈ ೨೧ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಸಿಟ್ಟು ಅಲ್ಲಿ ರಕ್ತಪಾತದಲ್ಲಿ ಕೊನೆಗೊಂಡಿತು. ನೀರು ತಲುಪದ ಹೊಲಕ್ಕೂ ಅಭಿವೃದ್ಧಿ ಕರವನ್ನು ಕೇಳಿದರೆಂಬುದು ಅಂದಿನ ದೂರುಗಳಲ್ಲೊಂದು. ಸಂಕಟವನ್ನು ಮೊದಲು ಬರಗೊಟ್ಟು, ಲೆಕ್ಕವನ್ನು ಆಮೇಲೆ ನೋಡುವ ಆಡಳಿತಕ್ಕೆ ಆ ದಿನವು ಶಾಶ್ವತವಾದ ಎಚ್ಚರಿಕೆ. ನೀರಿಗಾಗಿ ಕರ ಕೊಟ್ಟ ರೈತನು, ಆ ನೀರಿನಿಂದಲೇ ತನ್ನ ಹೊಲ ಸವಳಾದ ದಿನ ಯಾರ ಬಳಿ ನ್ಯಾಯ ಕೇಳಬೇಕು?

ಪರಿಹಾರವೇ ಇಲ್ಲವೆಂದಲ್ಲ. ೧೯೬೯ರಲ್ಲಿ ಸ್ಥಾಪಿತವಾದ ಕರ್ನಾಲದ ಕೇಂದ್ರೀಯ ಮಣ್ಣು ಲವಣತಾ ಸಂಶೋಧನ ಸಂಸ್ಥೆಯೂ, ನಮ್ಮಲ್ಲಿ ಗಂಗಾವತಿಯ ಕೃಷಿ ಸಂಶೋಧನ ಕೇಂದ್ರವೂ ಈ ಕೆಲಸದಲ್ಲಿ ನುರಿತಿವೆ. ಮೂರು ನಾಲ್ಕು ಅಡಿಯ ಆಳದಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಸಾಲಾಗಿ ಹೂಳಿ, ಬಸಿನೀರನ್ನು ದೊಡ್ಡ ಕೊಳವೆಗೆ ಕೂಡಿಸಿ ಹಳ್ಳಕ್ಕೆ ಬಿಡುವ ವಿಧಾನವನ್ನು ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟುಗಳಲ್ಲಿ ಮಾಡಿ ನೋಡಿದ್ದಾರೆ. ಕೆಟ್ಟ ನೆಲ ಮತ್ತೆ ಬೆಳೆ ಕೊಟ್ಟಿದೆ. ಆದರೆ ಬೆಲೆ ದೊಡ್ಡದು. ಒಬ್ಬ ರೈತನ ಕೈಯಿಂದ ಆಗುವಂತಹುದಲ್ಲ. ಎರೆಮಣ್ಣಿನಲ್ಲಿ ಸೋಡಿಯಂ ಸೇರಿ ಕರಲಾಯಿತೆಂದರೆ ಜಿಪ್ಸಮ್ಮೂ ಬೇಕು, ಕಾಲವೂ ಬೇಕು. ಬಸಿಯುವ ದಾರಿಯಿಲ್ಲದೆ ಬರಿಯ ಜಿಪ್ಸಮ್ಮು ಹಾಕುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಕೆಡಿಸಿ ಸುಧಾರಿಸುವುದಕ್ಕಿಂತ ಕೆಡದಂತೆ ಕಾಯುವುದೇ ಅಗ್ಗ.

ಬಸಿನೀರನ್ನು ಎಲ್ಲಿಗೆ ಬಿಡುವುದೆಂಬ ಆಕ್ಷೇಪವೂ ಹಗುರವಾದುದಲ್ಲ. ಹಿಂದೆ ಹೇಳಿದ ಸ್ಯಾನ್ ವಾಕೀನ್ ಕಣಿವೆಯ ಬಸಿನೀರನ್ನು ಕೆಸ್ಟರ್ಸನ್ ಎಂಬ ಜಲಾಶಯಕ್ಕೆ ಬಿಟ್ಟರು. ಅದರಲ್ಲಿದ್ದ ಸೆಲೀನಿಯಮಿನಿಂದ ಹಕ್ಕಿಗಳ ಮರಿಗಳು ವಿಕಾರವಾಗಿ ಹುಟ್ಟುತ್ತಿರುವುದು ೧೯೮೩ರಲ್ಲಿ ಬೆಳಕಿಗೆ ಬಂದಿತು. ಕಡೆಗೆ ಬಿಡುವುದನ್ನೇ ನಿಲ್ಲಿಸಬೇಕಾಯಿತು. ನಮ್ಮ ಬಸಿನೀರು ಸೇರುವುದು ಹಳ್ಳವನ್ನು, ಹಳ್ಳ ಸೇರುವುದು ಹೊಳೆಯನ್ನು, ಹೊಳೆಯ ನೀರು ಕೆಳಗಿನವರ ಬಾಯಿಗೆ. ಆದುದರಿಂದ ಬಸಿನೀರೇ ಕಡಿಮೆಯಾಗುವಂತೆ ಮೊದಲು ನೀರನ್ನು ಮಿತವಾಗಿ ಬಳಸಬೇಕು. ಹನಿ ನೀರಾವರಿಯಿಂದ ಇದಕ್ಕೆ ಸಹಾಯವಾದೀತು. ಆದರೆ ಹನಿಯೂ ಉಪ್ಪನ್ನು ಅಂಚಿಗೆ ತಳ್ಳುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಅದನ್ನು ತೊಳೆಯಬೇಕಾದುದು ಮಳೆ, ಮಳೆಯ ನೀರು ಇಳಿಯಲು ದಾರಿ ಬೇಕು.

ಈ ಎಲ್ಲ ಕಾರಣಗಳಿಂದ ನಾವು ಸರಕಾರಕ್ಕೆ ಮಾಡುವ ಸೂಚನೆಗಳು ಸರಳವಾದವು. ಮೊದಲನೆಯದಾಗಿ, ಗದಗ ಜಿಲ್ಲೆಯಲ್ಲಿ ಕಾಲುವೆಯನ್ನು ತೋಡುವ ಅಂದಾಜುಪಟ್ಟಿಯಲ್ಲಿಯೇ ಬಸಿಗಾಲುವೆಯ ವೆಚ್ಚವೂ ಸೇರಿರಬೇಕು. ಬಸಿಗಾಲುವೆ ಮುಗಿಯದ ತುಂಡಿಗೆ ನೀರು ಬಿಡತಕ್ಕದ್ದಲ್ಲ. ಎರಡನೆಯದಾಗಿ, ನೀರು ಬರುವುದಕ್ಕೆ ಮುಂಚಿತವಾಗಿಯೇ ಪ್ರತಿ ಊರಿನಲ್ಲಿ ನೋಟದ ಬಾವಿಗಳನ್ನು ಹಾಕಿ, ನೀರಿನ ಆಳವನ್ನೂ ಸವಳನ್ನೂ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆಯಬೇಕು. ೧೯೯೧ರಲ್ಲಿ ಕೇಂದ್ರ ಜಲಸಂಪನ್ಮೂಲ ಸಚಿವಾಲಯದ ಕಾರ್ಯತಂಡವು ನೀರು ಎರಡು ಮೀಟರಿನೊಳಗೆ ಬಂದರೆ ಆ ನೆಲ ಜವಳೆಂದೂ, ಎರಡರಿಂದ ಮೂರು ಮೀಟರಿನೊಳಗಿದ್ದರೆ ಅಪಾಯದಂಚಿನದೆಂದೂ ಗೊತ್ತುಮಾಡಿದೆ. ಮೂರು ಮೀಟರಿಗೆ ಬಂದಾಗಲೇ ಗಂಟೆ ಬಾರಿಸಬೇಕು, ಎರಡಕ್ಕೆ ಬಂದಮೇಲಲ್ಲ. ಮೂರನೆಯದಾಗಿ, ಬೆಳೆಯ ನಿಗದಿಯು ಕಾಗದದ ಮೇಲೆ ಉಳಿಯದೆ ತಲೆಭಾಗದ ಬಲಾಢ್ಯನಿಗೂ ತುದಿಯ ಬಡವನಿಗೂ ಸಮನಾಗಿ ಅನ್ವಯಿಸಬೇಕು. ನಾಲ್ಕನೆಯದಾಗಿ, ನೀರಿನ ಹಂಚಿಕೆಯನ್ನು ಲೆಕ್ಕ ಹಾಕುವ ಇಂಜಿನಿಯರರು ಕೆಳಗಿನ ಸಿಹಿನೀರನ್ನು ಬೆಳೆಯ ಪಾಲಿನಲ್ಲಿ ಹಿಡಿಯಲಿ, ಸವಳು ನೀರನ್ನು ಹಿಡಿಯದಿರಲಿ. ಹಸಿಯೆಲ್ಲವೂ ನೀರಲ್ಲವೆಂಬುದು ಕಚೇರಿಯ ಕಡತಕ್ಕೂ ತಿಳಿಯಬೇಕು.

ರೈತಬಾಂಧವರಿಗೂ ಒಂದು ಮಾತು. ಹೊಲದಲ್ಲಿ ಮೊಳಕೆ ತೇಪೆ ತೇಪೆಯಾಗಿ ಎದ್ದರೆ, ಬದುವಿನ ಬದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದರೆ, ನೆಲ ಹಸಿಯಿದ್ದೂ ಎಲೆ ಬಾಡಿದರೆ, ನೀರಿನ ಮಡಕೆಗೆ ಕೈಹಾಕುವ ಮುಂಚೆ ಒಂದು ಗುದ್ದಲಿಯನ್ನು ಹಿಡಿಯಿರಿ. ಆಳುದ್ದ ತಗ್ಗು ತೋಡಿ, ನೀರು ಎಷ್ಟರಲ್ಲಿ ಸಿಕ್ಕಿತೆಂಬುದನ್ನು ನೋಡಿರಿ. ಅದನ್ನು ಪರೀಕ್ಷೆಗೆ ಕಳಿಸಿರಿ. ನಿಮ್ಮ ಗ್ರಾಮ ಪಂಚಾಯತಿಯ ಫಲಕದ ಮೇಲೆ ಎರಡು ಅಂಕೆಗಳನ್ನು ಬರೆಯಿಸಿರಿ: ಊರಿನ ಕೆಳಗಿನ ನೀರು ಎಷ್ಟು ಅಡಿಯಲ್ಲಿದೆ, ಅದರ ಸವಳು ಎಷ್ಟು. ಮಳೆಯ ಅಂಗುಲಗಳನ್ನೂ ಪೇಟೆಯ ಧಾರಣೆಯನ್ನೂ ಕೇಳುವಂತೆಯೇ ಈ ಎರಡನ್ನೂ ಕೇಳುವ ಅಭ್ಯಾಸ ಯಳವತ್ತಿಯಿಂದ ಮುಂಡರಗಿಯವರೆಗೆ ಬೆಳೆಯಲಿ.

ತುಂಗಭದ್ರೆಯ ಮುರಿದ ಗೇಟಿಗೆ ತಡೆ ಹಾಕಲು ಒಂದು ವಾರ ಸಾಕಾಯಿತು. ಸವಳಾದ ಎರೆಹೊಲವನ್ನು ಮರಳಿ ಪಡೆಯಲು ವರುಷಗಳೇ ಬೇಕು. ನೀರಿಗಾಗಿ ಇಷ್ಟುಕಾಲ ಕಾದ ನಾವು, ಬಸಿಗಾಲುವೆಗಾಗಿ ಇನ್ನೆರಡು ವರುಷ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಕಾಯದಿದ್ದರೆ ಕಳೆದುಕೊಳ್ಳುವುದು ನೆಲವನ್ನೇ. ಸರಕಾರವು ಈ ವಿಷಯದಲ್ಲಿ ಕೂಡಲೆ ತನ್ನ ನಿಲುವನ್ನು ಪ್ರಕಟಿಸುವುದೆಂದು ನಾವು ಆಶಿಸುತ್ತೇವೆ.